ನಾಟ್: ಹಗ್ಗದ ಗಂಟು ಹಡಗಿನ ವೇಗವಾದ ಬಗೆ

‘ಗಂಟೆಗೆ 25 ನಾಟ್ ವೇಗದ ಗಾಳಿ’ ಎಂದು ಬರೆದರೆ ಅಲ್ಲಿ ‘ಗಂಟೆಗೆ’ ಬೇಡ. ಒಂದು ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಗಂಟೆ ಅದರೊಳಗೇ ಸೇರಿದೆ. 25 ನಾಟ್ ಎಂದರೆ ಗಂಟೆಗೆ ಸುಮಾರು 46 ಕಿ.ಮೀ.

ಪದದ ಮೂಲ ಅರ್ಥ ಗಂಟು, ಹಗ್ಗಕ್ಕೆ ಹಾಕುವ ಗಂಟೇ. ಹಾಯಿಹಡಗಿನವರು ಅದನ್ನು ಎಣಿಸಿಯೇ ವೇಗ ಹೇಳುತ್ತಿದ್ದರು. ಸಾಧನದ ಹೆಸರು ಲಾಗ್, ಅಂದರೆ ಮರದ ತುಂಡು. ಅದರ ಲೆಕ್ಕ ಬರೆದಿಡುತ್ತಿದ್ದ ಪುಸ್ತಕವೇ ಲಾಗ್‌ಬುಕ್. ನಾವು ದಿನವೂ ಮಾಡುವ ‘ಲಾಗಿನ್’ನ ಬೇರೂ ಅಲ್ಲಿದೆ.

ಲಾಗ್ ಎಂದರೆ ಹಗ್ಗ ಕಟ್ಟಿದ, ಕಾಲು ವೃತ್ತದ ಆಕಾರದ ಒಂದು ಹಲಗೆ. ಬಾಗಿದ ಅಂಚಿಗೆ ಸೀಸ ಹೊಡೆದಿರುವುದರಿಂದ ನೀರಿನಲ್ಲಿ ನೆಟ್ಟಗೆ ನಿಂತು, ಎಳೆತಕ್ಕೆ ಜಗ್ಗದೆ ಇದ್ದಲ್ಲೇ ಇರುತ್ತದೆ. ಹಡಗಿನ ಹಿಂಬದಿಯಿಂದ ಅದನ್ನು ಎಸೆದರೆ ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಡಗು ಕಲಕಿದ ನೀರನ್ನು ಹಲಗೆ ದಾಟಲೆಂದು ಮೊದಲಷ್ಟು ಹಗ್ಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಕೊನೆಗೆ ಬಟ್ಟೆಯ ಚೂರು ಕಟ್ಟಿರುತ್ತಾರೆ. ಆ ಚೂರು ಅಂಚು ದಾಟಿದ ಕ್ಷಣವೇ ಮರಳುಗಡಿಯಾರ ತಿರುವಬೇಕು. ಮರಳು ಮುಗಿದೊಡನೆ ಹಗ್ಗ ಹಿಡಿದು, ಹೊರಗೆ ಹೋದ ಗಂಟುಗಳನ್ನು ಎಣಿಸಬೇಕು. ಆಮೇಲೆ ಜೋರಾಗಿ ಒಮ್ಮೆ ಜಗ್ಗಿದರೆ ಹಲಗೆಯ ಬೆಣೆ ಕಳಚಿ ಅದು ಅಡ್ಡ ಮಲಗುತ್ತದೆ, ಸಲೀಸಾಗಿ ಮೇಲೆ ಬರುತ್ತದೆ.

ಗಂಟುಗಳ ನಡುವಿನ ಅಂತರವೇ ಇದರ ಜೀವಾಳ: ಒಂದು ನಾಟ್ ವೇಗದ ಹಡಗು ಮರಳು ಮುಗಿಯುವಷ್ಟರಲ್ಲಿ ಸಾಗುವ ದೂರ ಅದು. ಗಡಿಯಾರ 28 ಸೆಕೆಂಡಿನದಾದರೆ 1,852 × 28 ÷ 3,600 = 14.4 ಮೀಟರ್, ಅಂದರೆ 47 ಅಡಿ 3 ಅಂಗುಲ. ಹಿಂದೆ 30 ಸೆಕೆಂಡಿಗೆ 42 ಅಡಿ ಇಡುತ್ತಿದ್ದರು, ನಾಟಿಕಲ್ ಮೈಲಿಗೆ 5,000 ಅಡಿ ಎಂದುಕೊಂಡು. ಈ ಮೈಲಿ ಮೂಲದಲ್ಲಿ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಹಾಗಾಗಿ ಅದರ ಉದ್ದ ತಿಳಿಯಲು ಭೂಮಿಯನ್ನೇ ಅಳೆಯಬೇಕು. ಇಂಗ್ಲೆಂಡಿನ ಗಣಿತಜ್ಞ ರಿಚರ್ಡ್ ನಾರ್ವುಡ್ ಲಂಡನ್‌ನಿಂದ ಯಾರ್ಕ್‌ವರೆಗೆ ನೆಲ ಅಳೆದು, ನಿಜವಾದದ್ದು 6,120 ಅಡಿ ಎಂದು 1637ರಲ್ಲಿ ಪ್ರಕಟಿಸಿದ. ಇಂದಿನ ಲೆಕ್ಕ ಸುಮಾರು 6,076. ಆ ಕಾಲಕ್ಕೆ ಇಷ್ಟು ಹತ್ತಿರ ಬಂದದ್ದು ನಿಜಕ್ಕೂ ದೊಡ್ಡ ಸಾಧನೆ.

ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಚೆನ್ನಾಗಿ ಗಮನಿಸಿ. ನೆನೆದ ಹಗ್ಗ ಕುಗ್ಗಿದರೆ, ಇಲ್ಲವೇ ತೇವ ಹಿಡಿದ ಮರಳು ನಿಧಾನಕ್ಕೆ ಇಳಿದರೆ, ಗಂಟು ಜಾಸ್ತಿ ಬರುತ್ತದೆ. ಹಗ್ಗ ಹಿಗ್ಗಿದರೆ, ಮರಳು ತೇದು ಗಾಜಿನ ಕಂಡಿ ಅಗಲವಾದರೆ, ರಾಟೆ ಬಿಗಿಯಾಗಿ ಹಲಗೆಯೇ ಹಿಂದೆ ಎಳೆದುಕೊಂಡು ಬಂದರೆ ಕಡಿಮೆ. ಅಪಾಯ ಇರುವುದು ಈ ಕಡಿಮೆಯಲ್ಲೇ: ದಡ ಇನ್ನೂ ದೂರವಿದೆ ಎಂದುಕೊಂಡ ಹಡಗು ರಾತ್ರಿಯಲ್ಲಿ ಬಂಡೆಗೆ ಬಡಿಯಬಹುದು. ಹಾಗಾಗಿ ಹಗ್ಗವನ್ನು ನೆನೆಸಿ ಎಳೆದ ಮೇಲೆಯೇ ಗಂಟು ಹಾಕುತ್ತಿದ್ದರು, ಆಗಾಗ ಮರಳಿ ಅಳೆಯುತ್ತಿದ್ದರು.

ಎಲ್ಲ ಸರಿಯಿದ್ದರೂ ಲಾಗ್ ಹೇಳುವುದು ನೀರಿಗೆ ಹೋಲಿಸಿದ ವೇಗವನ್ನಷ್ಟೇ. 6 ನಾಟ್ ಓಡುವ ಹಡಗಿಗೆ 2 ನಾಟ್‌ನ ಪ್ರವಾಹ ಎದುರಾದರೆ ನೆಲದ ಲೆಕ್ಕದಲ್ಲಿ ಅದು ಸಾಗುವುದು 4 ನಾಟ್. ಹಗ್ಗದ ಮೇಲೆ ಮಾತ್ರ ಆರೇ ಗಂಟು.