ಎ++ ಬೋರ್ಡಿನ ಹಿಂದಿನ ಲೆಕ್ಕ

ಗೇಟಿನ ಮೇಲೆ ‘ನ್ಯಾಕ್ ಎ++’ ಅಂತ ಬೋರ್ಡ್ ಕಂಡರೆ ಸಾಕು, ಈ ಕಾಲೇಜಿನ ಡಿಗ್ರಿ ಅಸಲಿ ಅನ್ನುವುದು ಗ್ಯಾರಂಟಿ ಎಂದು ಜನ ನಂಬಿಬಿಡುತ್ತಾರೆ. ನ್ಯಾಕ್ ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ಗ್ರೇಡು ಕೊಡುವ ಸಂಸ್ಥೆ. ಆ ಗ್ರೇಡಿಗೂ ಡಿಗ್ರಿ ಕೊಡುವ ಅಧಿಕಾರಕ್ಕೂ ಸಂಬಂಧವೇ ಇಲ್ಲ. ಆ ಅಧಿಕಾರದ ಬಗ್ಗೆ ಹೇಳುವುದು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್. ಆ ಅಧಿಕಾರ ಇರುವುದು ವಿಶ್ವವಿದ್ಯಾಲಯಕ್ಕೆ. ಮಾಮೂಲಿ ಕಾಲೇಜು ಅದರ ಸಂಯೋಜನೆ (ಅಫಿಲಿಯೇಷನ್) ಪಡೆದು ಪಾಠ ಮಾಡುತ್ತದೆ, ಅಷ್ಟೇ.

ಈ ಏರ್ಪಾಡು ಹಳೆಯದು. 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸಿನಲ್ಲಿ ವಿಶ್ವವಿದ್ಯಾಲಯಗಳು ಶುರುವಾದಾಗ ಅವು ಪಾಠ ಮಾಡುತ್ತಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ಮಾತ್ರ ನಡೆಸುತ್ತಿದ್ದವು. ಪಾಠ ಒಬ್ಬರದು, ಪರೀಕ್ಷೆ ಇನ್ನೊಬ್ಬರದು. ಪಾಠ ಹೇಗಿದೆ ಅಂತ ನೋಡುವುದು ಯಾರ ಕೆಲಸ? ಅದಕ್ಕೇ ಒಂದು ಸಂಸ್ಥೆ ಬೇಕೆಂದು 1986ರ ಶಿಕ್ಷಣ ನೀತಿ ಹೇಳಿತು. 1994ರಲ್ಲಿ ಬೆಂಗಳೂರಿನಲ್ಲಿ ನ್ಯಾಕ್ ಹುಟ್ಟಿತು.

ನ್ಯಾಕ್ ಕಳಿಸುವ ಪರಿಶೀಲನಾ ತಂಡ, ಅಂದರೆ ಪೀರ್ ಟೀಮ್, ಬರುವ ಮುಂಚೆ ಗೋಡೆಗೆ ಸುಣ್ಣ ಬಳಿದು, ಫೈಲುಗಳಿಗೆ ಹೊಸ ರಟ್ಟು ಹಾಕುವ ಗಡಿಬಿಡಿ ನೋಡಿದವರಿಗೆ ಎಲ್ಲವೂ ಆ ಭೇಟಿಯಲ್ಲೇ ತೀರ್ಮಾನ ಆಗುತ್ತದೆ ಅನ್ನಿಸುತ್ತದೆ. ಆದರೆ 2017ರಲ್ಲಿ ಪದ್ಧತಿ ಬದಲಾಯಿತು. ಸುಮಾರು ಶೇ 70ರಷ್ಟು ಅಂಕ ಕಾಲೇಜು ಅಪ್‌ಲೋಡ್ ಮಾಡಿದ ಅಂಕಿಅಂಶಗಳಿಂದಲೇ ಬರುವಂತಾಯಿತು. ತಂಡದ ಕೈಗೆ ಉಳಿದದ್ದು ಸುಮಾರು ಶೇ 30.

ನನಗೆ ಖುಷಿ ಕೊಡುವುದು ಇದರೊಳಗಿನ ಲೆಕ್ಕ. ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ-ಲೈಬ್ರರಿ, ವಿದ್ಯಾರ್ಥಿಗಳಿಗೆ ನೆರವು, ಆಡಳಿತ, ಮೌಲ್ಯಗಳು ಅಂತ ಏಳು ವಿಭಾಗ. ಒಟ್ಟು ತೂಕ 1000. ಒಂದೊಂದಕ್ಕೂ 4ರವರೆಗೆ ಅಂಕ ಕೊಟ್ಟು, ತೂಕದಿಂದ ಗುಣಿಸಿ, ಸರಾಸರಿ ತೆಗೆಯುತ್ತಾರೆ. ಅದು 3.51 ಅಥವಾ ಹೆಚ್ಚು ಬಂದರೆ ಎ++. ಸ್ವಾರಸ್ಯ ಇರುವುದು ತೂಕ ಹಂಚಿದ ರೀತಿಯಲ್ಲಿ. ಸಂಶೋಧನೆಗೆ ವಿಶ್ವವಿದ್ಯಾಲಯದಲ್ಲಿ 250, ಪದವಿ ಮಾತ್ರ ಇರುವ ಸಂಯೋಜಿತ ಕಾಲೇಜಿನಲ್ಲಿ ಬರೀ 110. ಬೋಧನೆಗೆ ಅಲ್ಲಿ 200, ಇಲ್ಲಿ 350.

ಈಗ ಇಬ್ಬರೂ ಸಂಶೋಧನೆಯಲ್ಲಿ 2, ಉಳಿದ ಆರರಲ್ಲೂ 4 ತೆಗೆದರು ಅಂದುಕೊಳ್ಳಿ. ಬೇರೆ ಷರತ್ತುಗಳನ್ನು ಬದಿಗಿಟ್ಟು ಬರೀ ಸರಾಸರಿ ನೋಡೋಣ. ಕಾಲೇಜಿಗೆ 3.78, ಆರಾಮವಾಗಿ ಎ++. ವಿಶ್ವವಿದ್ಯಾಲಯಕ್ಕೆ ಸರಿಯಾಗಿ 3.50. ಕೂದಲೆಳೆಯಲ್ಲಿ ತಪ್ಪಿ ಎ+! ಹಾಗಿರುವಾಗ ಎರಡು ಬೇರೆ ಜಾತಿಯ ಸಂಸ್ಥೆಗಳ ಗ್ರೇಡನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಎಂಥ ಮಾತು, ಅಲ್ವಾ?

ಇನ್ನೊಂದು ಎಡವಟ್ಟು ಕಾಲದ್ದು. ಕಾಲೇಜು ಕೊಡುವುದು ಹಿಂದಿನ ಐದು ವರ್ಷಗಳ ಮಾಹಿತಿ. ಸಿಕ್ಕ ಗ್ರೇಡು ಸಾಮಾನ್ಯವಾಗಿ ಮುಂದಿನ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿಯುತ್ತಾ ಬಂದಾಗ ಸೇರುವವರು ಹತ್ತು ವರ್ಷ ಹಿಂದಿನ ಫೋಟೋ ನೋಡಿ ಗಂಡು ಒಪ್ಪಿಕೊಂಡ ಹಾಗೆ.

ಅಳತೆಯೇ ಗುರಿಯಾದರೆ ಆ ಅಳತೆ ಕೆಡುತ್ತದೆ ಅನ್ನುವ ಮಾತನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಹೇಳುತ್ತಾರೆ. 1975ರಲ್ಲಿ ಅವರು ಯೋಚಿಸುತ್ತಿದ್ದದ್ದು ದುಡ್ಡಿನ ಚಲಾವಣೆ ಬಗ್ಗೆ. ನಮ್ಮ ಕಾಲೇಜುಗಳಿಗೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಸೆಮಿನಾರಿಗೆ ಅಂಕ ಇದೆ ಅಂದರೆ ಸೆಮಿನಾರು ಜಾಸ್ತಿಯಾಗುತ್ತವೆ. ಕೇಳಿದವರಿಗೆ ಏನು ತಿಳಿಯಿತು ಅನ್ನುವುದಕ್ಕೆ ಕಾಲಂ ಇಲ್ಲ. ಪಾಠ ಮಾಡಬೇಕಾದ ಮೇಷ್ಟ್ರು ಸುಮ್ನೆ ಫೋಟೋ, ಹಾಜರಿಪಟ್ಟಿ ಜೋಡಿಸುತ್ತಾ ಕೂರುತ್ತಾರೆ. ಇದರ ಕೆಟ್ಟ ತುದಿ 2025ರ ಫೆಬ್ರವರಿಯಲ್ಲಿ ಕಂಡಿತು. ಗ್ರೇಡಿಗಾಗಿ ಲಂಚದ ಆರೋಪದ ಮೇಲೆ ಸಿಬಿಐ ಪರಿಶೀಲನಾ ತಂಡದವರನ್ನೇ ಬಂಧಿಸಿತು.

ಅದಕ್ಕೂ ಮುಂಚೆ, 2024ರ ಜನವರಿಯಲ್ಲೇ, ಅಕ್ಷರದ ಗ್ರೇಡು ಬಿಟ್ಟು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಪದ್ಧತಿ ತರುವುದಾಗಿ ನ್ಯಾಕ್ ಪ್ರಕಟಿಸಿತ್ತು. ಅದರ ಮೇಲೆ 1ರಿಂದ 5ರವರೆಗಿನ ಹಂತಗಳು. ಪೈಪೋಟಿ ಕಡಿಮೆಯಾದೀತು ಅನ್ನುವ ಆಸೆ. ನನಗಂತೂ ಆ ನಂಬಿಕೆ ಕಡಿಮೆ. ಬೋರ್ಡಿನ ಮೇಲೆ ‘ಎ++’ ಬದಲು ‘ಹಂತ 5’ ಬರುತ್ತದೆ, ಅಷ್ಟೇ.

ಮಕ್ಕಳನ್ನು ಸೇರಿಸುವವರು ಬೋರ್ಡು ಬಿಟ್ಟು, ಕಾಲೇಜಿನ ವೆಬ್‌ಸೈಟಿನಲ್ಲಿ ಎಸ್‌ಎಸ್‌ಆರ್, ಅಂದರೆ ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಂಡ ವರದಿ, ಹುಡುಕಿ. ಎರಡನೇ ವಿಭಾಗಕ್ಕೆ ಹೋಗಿ. ಮಂಜೂರಾದ ಹುದ್ದೆಗಳಲ್ಲಿ ಎಷ್ಟಕ್ಕೆ ಪೂರ್ಣಾವಧಿ ಅಧ್ಯಾಪಕರಿದ್ದಾರೆ ಅಂತ ಅಲ್ಲಿ ವರ್ಷವಾರು ಬರೆದಿರುತ್ತದೆ. ಆ ಸಂಖ್ಯೆ ನೋಡಿ, ಆಮೇಲೆ ಫೀಸಿನ ಮಾತಾಡಿ.