ಸತ್ತ ದೊರೆಗೆ ಬಂದ ಉತ್ತರ

1525ರ ಆಗಸ್ಟ್‌ನಲ್ಲಿ ಸ್ಪೇನ್‌ನ ದೊರೆಯೂ ಆಗಿದ್ದ ಪವಿತ್ರ ರೋಮನ್ ಚಕ್ರವರ್ತಿ ಐದನೆಯ ಚಾರ್ಲ್ಸ್ ಪರ್ಷಿಯದ ಶಾ ಇಸ್ಮಾಯಿಲ್‌ಗೆ ಪತ್ರ ಬರೆಸಿದ. ಇಬ್ಬರೂ ಸೇರಿ ಒಟ್ಟೋಮನ್ ತುರ್ಕರ ಮೇಲೆ ಬೀಳೋಣ ಎಂದು ಇಸ್ಮಾಯಿಲ್ ವರ್ಷಗಳ ಹಿಂದೆ ಕಳುಹಿಸಿದ್ದ ಓಲೆಗೆ ಅದು ಉತ್ತರ. ಇಸ್ಮಾಯಿಲ್ ಮಾತ್ರ ಅಷ್ಟರಲ್ಲಿ ತೀರಿಕೊಂಡು ವರ್ಷ ದಾಟಿತ್ತು.

ಶತ್ರುವಿನ ಆಚೆಗಿರುವವನು ಮಿತ್ರ ಎಂಬ ಕೌಟಿಲ್ಯನ ಲೆಕ್ಕ ಇಲ್ಲಿ ಸರಿಯಾಗಿಯೇ ಇತ್ತು. 1514ರಲ್ಲಿ ಚಾಲ್ದಿರಾನ್‌ನಲ್ಲಿ ಒಟ್ಟೋಮನ್ ಫಿರಂಗಿಗಳೆದುರು ಸೋತ ಸಫಾವಿಗಳಿಗೆ, ಅಂದರೆ ಇಸ್ಮಾಯಿಲ್‌ನ ರಾಜಮನೆತನಕ್ಕೆ, ಆಚೆ ಬದಿಯ ಕ್ರೈಸ್ತ ದೊರೆಗಳು ಬೇಕಿದ್ದರು. ತೊಡಕೆಂದರೆ, ಮಿತ್ರನ ಮನೆಗೆ ಹೋಗುವ ನೇರ ದಾರಿ ಶತ್ರುವಿನ ಅಂಗಳದಲ್ಲೇ ಹಾದುಹೋಗುತ್ತಿತ್ತು.

ಹಾಗಾಗಿಯೇ 1599ರಲ್ಲಿ ಅದೇ ವಂಶದ ಶಾ ಅಬ್ಬಾಸ್ ಕಳುಹಿಸಿದ ರಾಯಭಾರದ ದಾರಿಯನ್ನು ಭೂಪಟದಲ್ಲಿ ನೋಡಿದರೆ ತಲೆ ಸುತ್ತುತ್ತದೆ. ಕ್ಯಾಸ್ಪಿಯನ್ ದಾಟಿ, ವೋಲ್ಗಾ ನದಿ ಹಿಡಿದು ಮಾಸ್ಕೋ, ಅಲ್ಲಿಂದ ಉತ್ತರದ ಅರ್ಖಾಂಗೆಲ್ಸ್ಕ್ ಬಂದರು, ನಾರ್ವೆಯನ್ನು ಸುತ್ತಿ ಜರ್ಮನಿ. 1600ರ ಶರತ್ಕಾಲದಲ್ಲಿ, ಚಾರ್ಲ್ಸ್‌ನ ಮನೆತನದ ಚಕ್ರವರ್ತಿಯಿದ್ದ ಪ್ರಾಗ್. ಮುಂದಾಳುಗಳು ಇಬ್ಬರು: ಹುಸೇನ್ ಅಲಿ ಬೇಗ್ ಮತ್ತು ಆಂಥೊನಿ ಶೆರ್ಲಿ ಎಂಬ ಇಂಗ್ಲಿಷ್ ಸಾಹಸಿ. ಶಾ ಕೊಟ್ಟ ಉಡುಗೊರೆಗಳನ್ನು ಶೆರ್ಲಿ ದಾರಿಯಲ್ಲೇ ಮಾರಿಕೊಂಡ ಎಂಬ ಆರೋಪ ಎದ್ದಿತು. ರೋಮ್‌ನಲ್ಲಿ ಪೋಪನ ಎದುರು ಯಾರು ದೊಡ್ಡವರೆಂದು ಕಿತ್ತಾಡಿ ಇಬ್ಬರೂ ಬೇರೆಯಾದರು. ಸ್ಪೇನ್‌ನಲ್ಲಿ ನಿಯೋಗವೇ ಕರಗಿತು: ಕಾರ್ಯದರ್ಶಿ ಊರುಜ್ ಬೇಗ್ ಕ್ರೈಸ್ತನಾಗಿ 'ಪರ್ಷಿಯದ ದಾನ್ ಹುವಾನ್' ಎನಿಸಿಕೊಂಡ, 1604ರಲ್ಲಿ ಪುಸ್ತಕವನ್ನೂ ಅಚ್ಚು ಹಾಕಿಸಿದ, ಮರುವರ್ಷ ಬೀದಿ ಜಗಳದಲ್ಲಿ ಸತ್ತ. ಮೈತ್ರಿ ಕುದುರಿಸಲು ಹೋದವರೇ ಕೈತಪ್ಪಿದರು ಎನ್ನಬೇಕು.

ಅಬ್ಬಾಸ್ ಕಾಯುತ್ತ ಕೂರಲಿಲ್ಲ. 1603ರಲ್ಲಿ ತಬ್ರೀಜ್ ನಗರವನ್ನು ತಾನೇ ಮರಳಿ ಗೆದ್ದ. ಯುರೋಪಿನವರೋ, 1606ರಲ್ಲಿ ತುರ್ಕರೊಂದಿಗೆ ಸಂಧಿ ಮಾಡಿಕೊಂಡು ಯುದ್ಧದಿಂದ ಹಿಂದೆ ಸರಿದರು. ಶಾಗೆ ಕೋಪ ಬಂದದ್ದು ಸಹಜ. ಅವನು ಆ ಕೋಪವನ್ನು ತನ್ನವರ ಮೇಲೂ ತೀರಿಸಿಕೊಂಡನೇನೋ ಅನ್ನಿಸುತ್ತದೆ: ಸ್ಪೇನ್‌ನಿಂದ ಮರಳಿದ ರಾಯಭಾರಿ ದೆಂಗಿಜ್ ಬೇಗ್‌ನ ತಲೆ 1613ರಲ್ಲಿ ಹೋಯಿತು. ಇತ್ತ ಸ್ಪೇನ್ ಶಾನ ಬಳಿಗೆ ಕಳುಹಿಸಿದ ರಾಯಭಾರಿ ಫಿಗೆರೋವಾ 1614ರಲ್ಲಿ ಗೋವಾಕ್ಕೆ ಬಂದಿಳಿದು, ಪೋರ್ಚುಗೀಸರ ಅಸಹಕಾರದಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೊಳೆತ.

ಕೊನೆಗೂ ಕೈಗೂಡಿದ ಒಂದು ಮೈತ್ರಿ ತುರ್ಕರ ವಿರುದ್ಧವಲ್ಲ. 1622ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ನೆರವಿನಿಂದ ಅಬ್ಬಾಸ್ ಹೊರ್ಮುಜ್ ದ್ವೀಪವನ್ನು ಪೋರ್ಚುಗೀಸರಿಂದ ಕಸಿದುಕೊಂಡ. ಆಗ ಪೋರ್ಚುಗಲ್‌ಗೂ ದೊರೆ ಸ್ಪೇನ್‌ನ ರಾಜನೇ. ಅಷ್ಟು ವರ್ಷ ಓಲೈಸಿದ್ದು ಅವನ ಮನೆತನವನ್ನೇ. ಕಂಪನಿಗೆ ಬೇಕಿದ್ದದ್ದು ಧರ್ಮಯುದ್ಧವಲ್ಲ, ರೇಷ್ಮೆ ಮತ್ತು ಸುಂಕದಲ್ಲಿ ಪಾಲು.

1639ರಲ್ಲಿ ಅಬ್ಬಾಸ್‌ನ ಮೊಮ್ಮಗ ಶಾ ಸಫಿ ಯುರೋಪಿನ ಕಡೆ ನೋಡದೆ ತುರ್ಕರೊಂದಿಗೇ ಒಪ್ಪಂದಕ್ಕೆ ಮುದ್ರೆ ಒತ್ತಿ, ಬಾಗ್ದಾದನ್ನು ಅವರಿಗೇ ಬಿಟ್ಟುಕೊಟ್ಟ.