ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನ ಆಯ್ತು?

ಬೆಳಗಾವಿಯಿಂದ ಗೋವಾಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಮಕ್ಕಳು, ಪಕ್ಕದಲ್ಲಿ ಅವ್ವ. ಚೋರ್ಲಾ ಘಾಟ್ ಇಳಿಯುವಾಗ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಎಂದಿನ ಹಾಗೆ ಕಾಲನ್ನು ತಡೆಯಲಿಲ್ಲ. ಹತ್ತಿಯ ದಿಂಬು ಒತ್ತಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಪಟಪಟ ಎಂದು ನಾಲ್ಕೈದು ಸಲ ಒತ್ತಿದೆ, ಗೇರ್ ಇಳಿಸಿದೆ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದೆ. ಗಾಡಿ ಹೇಗೋ ಬದಿಯ ಮಣ್ಣಿಗೆ ಇಳಿದು ನಿಂತಿತು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಅವ್ವ ಏನೂ ಮಾತಾಡಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಕ್ಕಾಲು ಗಂಟೆ ಕಾದೆವು. ಆಮೇಲೆ ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ!

ಹೋದ ಬ್ರೇಕ್ ತಾನೇ ವಾಪಸ್ ಬಂದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಇರುವುದು ಬಿಸಿಯಲ್ಲಿ.

ಓಡುವ ಗಾಡಿಯ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ. ಬ್ರೇಕ್ ಹಿಡಿದಾಗ ಅದೆಲ್ಲ ಬಿಸಿಯಾಗುತ್ತದೆ. ಸಾವಿರ ಕೆ.ಜಿ. ತೂಕದ ಕಾರು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಅದನ್ನು ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಬಿಸಿ ಸುಮಾರು 312 ಕಿಲೋಜೂಲ್. ಒಂದು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಬೇಕು. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಘಾಟಿನಲ್ಲಿ ಇನ್ನೂ ಜಾಸ್ತಿ. ಅದೇ ಕಾರು 600 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಬಿಸಿಯಲ್ಲಿ ಒಂದು ಕೊಡ ನೀರು, ಅಂದರೆ 18–19 ಲೀಟರ್, ಕುದಿಸಬಹುದು. ಅಷ್ಟೂ ಬಿಸಿಯನ್ನು ಮೊದಲು ನುಂಗಬೇಕಾದದ್ದು ಚಕ್ರದೊಳಗಿನ ಕೆಲವೇ ಕೆ.ಜಿ. ಕಬ್ಬಿಣ.

ಆ ಕಬ್ಬಿಣ ಸಾಮಾನ್ಯವಾಗಿ ಬೀಡು, ಅಂದರೆ ಎರಕದ ಕಬ್ಬಿಣ. ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುವ ಜಾತಿಯದ್ದೇ. ಬೀಡಿನೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರುಗಳಿರುತ್ತವೆ. ಅವು ಬಿಸಿಯನ್ನು ಬೇಗ ಹರಡುತ್ತವೆ, ಕಿರುಗುಟ್ಟುವ ಕಂಪನವನ್ನೂ ಹೀರಿಕೊಳ್ಳುತ್ತವೆ. ಅದಕ್ಕೇ ಚಕ್ರದ ಜೊತೆ ತಿರುಗುವ ತಟ್ಟೆಯಂಥ ಬ್ರೇಕ್ ಡಿಸ್ಕಿಗೂ ಡಬರಿಯಂಥ ಡ್ರಮ್ಮಿಗೂ ಇಂದಿಗೂ ಹೆಚ್ಚಾಗಿ ಬೀಡೇ ಬೇಕು. ಡಿಸ್ಕ್ ತಡೆದುಕೊಳ್ಳುತ್ತದೆ. ತಡೆಯದೆ ಸೋಲುವುದು ಪೈಪಿನೊಳಗಿನ ಎಣ್ಣೆ.

ನಾವು ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಂಜಿನ್ ಆಯಿಲ್ ತರದ ಎಣ್ಣೆ ಅಲ್ಲ. ಹೆಚ್ಚಿನ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿದ. ಹೈಡ್ರಾಲಿಕ್ ಯಂತ್ರ ತಯಾರಿಸುವ ಬೆಳಗಾವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪೆಡಲ್ ಕಡೆಯ ಪಿಸ್ಟನ್ನಿನ ಮುಖಕ್ಕಿಂತ ಚಕ್ರದ ಕಡೆಯದರ ವಿಸ್ತೀರ್ಣ ಐದು ಪಟ್ಟಿದ್ದರೆ, ಬಲವೂ ಐದು ಪಟ್ಟು. ಆದರೆ ಇದೆಲ್ಲ ನಡೆಯುವುದು ದ್ರವ ಕುಗ್ಗದೆ ಇದ್ದಾಗ ಮಾತ್ರ.

ಈ ದ್ರವಕ್ಕೆ ಒಂದು ಗುಣವಿದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವ ಹಾಗೆ. ರಬ್ಬರ್ ಪೈಪಿನ ಮೂಲಕ, ಮುಚ್ಚಳದ ಸಂದಿಯಿಂದ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಬ್ರೇಕ್ ಆಯಿಲಿನ ದರ್ಜೆಯನ್ನು ಡಾಟ್ ಎಂಬ ಗುರುತಿನಿಂದ ಹೇಳುತ್ತಾರೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ಅದೇ ಆಯಿಲಿಗೆ ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೂ 155ಕ್ಕೂ ಇಳಿದುಬಿಡುತ್ತದೆ. ನೂರು ಚಮಚಕ್ಕೆ ನಾಲ್ಕು ಚಮಚ ನೀರೂ ಬೇಡ!

ಈಗ ಘಾಟ್ ನೆನಪಿಸಿಕೊಳ್ಳಿ. ಡಿಸ್ಕ್ ನೂರಾರು ಡಿಗ್ರಿ ಕಾಯುತ್ತದೆ. ಬಿಸಿ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಹತ್ತುತ್ತದೆ. ನೀರು ಕುಡಿದ ಆಯಿಲ್ ಕುದ್ದು ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನನ್ನ ಕಾಲು ಚಕ್ರವನ್ನು ಒತ್ತುವ ಬದಲು ಗುಳ್ಳೆಯನ್ನು ಒತ್ತುತ್ತಿತ್ತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಊರೊಳಗೆ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಘಾಟಿನಲ್ಲೇ, ಬ್ರೇಕ್ ಬೇಕೇಬೇಕಾದಾಗಲೇ ಕೈಕೊಡುತ್ತದೆ. ನನಗೆ ಭಯ ಹುಟ್ಟಿಸುವುದು ಇದೇ.

ಊರಿಗೆ ವಾಪಸಾದ ಮೇಲೆ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬಾನೆಟ್ ಎತ್ತಿ, ಆಯಿಲ್ ಡಬ್ಬಿಯ ಮುಚ್ಚಳದ ಸುತ್ತ ಬಟ್ಟೆಯಿಂದ ಧೂಳು ಒರೆಸಿ ತೆಗೆದರು. ಹೊಸ ಆಯಿಲ್ ತಿಳಿ ಹಳದಿ ಇರುತ್ತದೆ. ನನ್ನದು ಕಡುಕಂದು. ಪೆನ್ನಿನಂಥ ಟೆಸ್ಟರ್ ಅದ್ದಿದರು, ಕೆಂಪು ದೀಪ ಹತ್ತಿತು.

“ಇದು ಆಯಿಲ್ ಅಲ್ರಿ ಸರ, ಚಾ ಆಗೇತಿ. ಎಷ್ಟು ವರ್ಷ ಆತ್ರಿ ಬದಲಿ ಮಾಡಿ?”

ಕಾರು ಕೊಂಡು ಐದು ವರ್ಷವಾಗಿತ್ತು. ಒಮ್ಮೆಯೂ ಬದಲಿಸಿರಲಿಲ್ಲ.

“ಎಂಜಿನ್ ಆಯಿಲ್ ಎಲ್ಲಾರೂ ಕೇಳ್ತಾರ್ರಿ. ಇದನ್ನ ಯಾರೂ ಕೇಳಂಗಿಲ್ಲ” ಎಂದರು.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಾರು ಓಡಲಿ, ನಿಂತಿರಲಿ, ತೇವ ಬಿಡುವುದಿಲ್ಲ. ಬೆಳಗಾವಿ, ಖಾನಾಪುರದ ಕಡೆಯ ಮಳೆಗಾಲ ಕಂಡವರು ಇದನ್ನು ಮುಂದೂಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳುಗಟ್ಟಲೆ ಬಾಯಿ ತೆರೆದಿದ್ದ ಡಬ್ಬಿಯ ಆಯಿಲ್ ಹಾಕಿಸಬೇಡಿ, ಅದು ಆಗಲೇ ನೀರು ಕುಡಿದಿರುತ್ತದೆ. ಎಂಜಿನ್ ಆಯಿಲನ್ನಂತೂ ಅದರಲ್ಲಿ ಸುರಿಯಲೇಬಾರದು, ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಆಯಿಲ್ ಮಟ್ಟ ಕೆಳಗಿನ ಗೆರೆಗೆ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಸರಿಯುತ್ತದೆ, ಆ ಜಾಗ ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಅಂದರೆ ಇಳಿದ ಮಟ್ಟ ಪ್ಯಾಡಿನ ಸುದ್ದಿ ಹೇಳುತ್ತಿರಬಹುದು. ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಎರಡನ್ನೂ ನೋಡಿಸಬೇಕು.

ಅಂದು ಮಿಸ್ತ್ರಿ ನನ್ನ ಹಳೆ ಪ್ಯಾಡನ್ನೂ ಹೊಸದನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಹೊಸದರ ಮೇಲೆ ಬೆರಳು ದಪ್ಪದ ಕಪ್ಪು ಪದರ. ಹಳೆಯದರಲ್ಲಿ ಒಂದು ನಾಣ್ಯದಷ್ಟೂ ಉಳಿದಿರಲಿಲ್ಲ. 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತಾಯಿತು ಎಂದು ಲೆಕ್ಕ. ತುಂಬಾ ಪ್ಯಾಡುಗಳಿಗೆ ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪದರ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಂ ಎಂದು ಕಿರುಚುತ್ತದೆ. ಆ ದನಿ ಕೇಳಿಯೂ ಓಡಿಸಿದರೆ ಮುಂದೆ ಬರುವುದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ. ಆಗ ಪ್ಯಾಡಿನ ಜೊತೆ ಡಿಸ್ಕೂ ಹೋಗುತ್ತದೆ, ಖರ್ಚು ಎಷ್ಟೋ ಪಟ್ಟಾಗುತ್ತದೆ. ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಗರಗರ ಎಂದರೆ ಮಾತ್ರ ಗಾಬರಿ ಬೇಡ. ಡಿಸ್ಕಿನ ಮೇಲಿನ ತೆಳು ತುಕ್ಕು ಅದು, ತಾನೇ ಹೋಗುತ್ತದೆ.

ಉಳಿದ ಲಕ್ಷಣಗಳನ್ನು ನಿಮ್ಮ ಕಾಲೇ ಹೇಳುತ್ತದೆ. ಬ್ರೇಕ್ ಹಿಡಿದಾಗ ಪೆಡಲ್, ಸ್ಟೀರಿಂಗ್ ನಡುಗಿದರೆ ಡಿಸ್ಕ್ ಎಲ್ಲ ಕಡೆ ಒಂದೇ ದಪ್ಪ ಉಳಿದಿಲ್ಲ. ಗಾಡಿ ಒಂದೇ ಬದಿಗೆ ಎಳೆದರೆ ಒಂದು ಕಡೆಯ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿ, ಸಿಕ್ಕಿಕೊಂಡಿರಬಹುದು. ಇಳಿದು ಪ್ರತಿ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿಯಿದ್ದರೆ ಅದೇ ಕಳ್ಳ. ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದ ಪೆಡಲ್ ಮೆಲ್ಲಮೆಲ್ಲಗೆ ಇಳಿಯುತ್ತ ಹೋದರೆ ಪೆಡಲ್ ಕಡೆಯ ಪಿಸ್ಟನ್ ಇರುವ ಮಾಸ್ಟರ್ ಸಿಲಿಂಡರಿನ ಸೀಲ್ ನೋಡಿಸಿ, ಅಂದೇ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಅದಿದ್ದರೆ, ಜೋರಾಗಿ ಬ್ರೇಕ್ ಹಿಡಿದಾಗ ಪೆಡಲ್ ಟಕಟಕ ಬಡಿಯುವುದು ದೋಷವಲ್ಲ. ಹೆದರಿ ಕಾಲು ತೆಗೆಯಬೇಡಿ.

ವಿಜಯಪುರ, ಬಾಗಲಕೋಟೆ ಕಡೆ ಘಾಟಿನ ಕಾಟ ಕಡಿಮೆ. ಅಲ್ಲಿ ಧೂಳು, ಎರೆಮಣ್ಣಿನ ಕಾಟ. ಹಿಂದಿನ ಡ್ರಮ್ಮಿನೊಳಗೆ ಹೊಕ್ಕ ಧೂಳು ತಾನಾಗಿ ಹೊರಗೆ ಬರುವುದಿಲ್ಲ, ಸರ್ವಿಸಿನಲ್ಲಿ ಡ್ರಮ್ ಬಿಚ್ಚಿಸಿ ತೆಗೆಸಬೇಕು. ಬಾಯಿಂದ ಊದುವುದು ಮಾತ್ರ ಬೇಡ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ರಾತ್ರಿ ಹೋಗುವವರಿಗೆ ಗೊತ್ತು, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪವಿಲ್ಲದೆ ಎದುರಾಗಿಬಿಡುತ್ತದೆ. 80 ಕಿ.ಮೀ. ವೇಗದಲ್ಲಿ ಕಾಲು ಪೆಡಲ್ ಮುಟ್ಟುವ ಒಂದು ಸೆಕೆಂಡಿಗೇ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲಲು ಮತ್ತೆ 35 ಮೀಟರಿನಷ್ಟು ಬೇಕು.

ಘಾಟಿನಲ್ಲಿ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಲಾರಿ ಡ್ರೈವರುಗಳ ಮಾತು ನಿಜ. ಇಳಿಯುವ ಗಾಡಿಯ ಶಕ್ತಿಯಲ್ಲಿ ಒಂದು ಪಾಲನ್ನು ಎಂಜಿನ್ನೇ ತಡೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು ದೊಡ್ಡ ತಪ್ಪು. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತವೆ. ಎಂಜಿನ್ ಬಂದ್ ಮಾಡಿದರಂತೂ ಒಂದೆರಡು ಸಲ ಒತ್ತುವುದರೊಳಗೆ ಎಂಜಿನ್ ಬಲದಿಂದ ಪೆಡಲ್ ಹಗುರ ಮಾಡುವ ಬೂಸ್ಟರಿನ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ.

ಮಿಸ್ತ್ರಿ ಹೊಸ ಆಯಿಲ್ ಹಾಕಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದರು. ಹಳೆಯದು ಪಾರದರ್ಶಕ ಪೈಪಿನಲ್ಲಿ ಕಂದಾಗಿ ಇಳಿದು, ನಿಧಾನಕ್ಕೆ ತಿಳಿ ಹಳದಿ ಬಂತು. ಕೊನೆಗೆ ಮಾರ್ಕರ್ ತೆಗೆದು ಡಬ್ಬಿಯ ಮುಚ್ಚಳದ ಮೇಲೆ ತಿಂಗಳು, ವರ್ಷ ಬರೆದರು. ಮುಂದಿನ ಸಲ ಚೋರ್ಲಾ ಇಳಿಯುವ ಮುಂಚೆ ಬಾನೆಟ್ ಎತ್ತಿ ಆ ಬರಹ ನೋಡಿಕೊಂಡೆ. ಅವ್ವ ಕಿಟಕಿಯಿಂದ ಇಣುಕಿ, “ಎಲ್ಲಾ ಬರೋಬರಿ ಐತೇನಪಾ?” ಎಂದಳು.